ಬಾಗಿಲ ಸದ್ದು ಮಾರುವವನು
ಜರ್ಮನ್ ಕಾರಿನ ಷೋರೂಮಿನ ಈ ಸೇಲ್ಸ್‌ಮನ್ ಮಾರುವುದು ಕಾರನ್ನಲ್ಲ, ಅದರ ಬಾಗಿಲ ಸದ್ದನ್ನು. "ಮೊದ್ಲು ಕೂತ್ಕೊಳ್ಳಿ ಸಾರ್, ಮಾತು ಆಮೇಲೆ" ಎಂದು ಗಿರಾಕಿಯನ್ನು ಮದುಮಗನಂತೆ ಕೂರಿಸಿ, ಎರಡೇ ಬೆರಳಲ್ಲಿ ಬಾಗಿಲು ದೂಡಿದರೆ ಅದು ತಿಜೋರಿಯಂತೆ 'ಧಪ್' ಎಂದು ಮುಚ್ಚಿಕೊಳ್ಳುತ್ತದೆ. ಮನೆಯ ಬೀರು ಕಿರುಗುಟ್ಟಿದರೆ ಅವನಿಗೆ ಊಟ ಸೇರುವುದಿಲ್ಲ. "ನೀವು ಆ ಬಾಗಿಲನ್ನೇ ಕಟ್ಕೋಬೇಕಿತ್ತು" ಎನ್ನುತ್ತಾಳೆ ಹೆಂಡತಿ. ಈ ಕಾರಿನ ಹೆಸರಿನ ಅರ್ಥವೇ ಜನರ ಕಾರು, ಮೇಷ್ಟ್ರು ನರ್ಸುಗಳನ್ನೆಲ್ಲ ಹೊತ್ತು ತಿರುಗಿದ ಗುಂಡುಬೆನ್ನಿನ ಪುಟ್ಟ ಕಾರಿನ ವಂಶ ಎಂದು ಚರಿತ್ರೆ ಒಪ್ಪಿಸುವಾಗ, ಎರಡನೇ ಮಹಾಯುದ್ಧದ ವರ್ಷಗಳನ್ನು ಮಾತ್ರ ಕೊಚ್ಚೆ ದಾಟಿದಂತೆ ದಾಟಿಬಿಡುತ್ತಾನೆ. ಆ ಮಾತು ಮ್ಯಾನೇಜರ್ ಕಿವಿಗೆ ಬಿದ್ದರೆ ಕೆಲಸ ಹೋದಂತೆಯೇ. ಆ ವರ್ಷಗಳ ಕತೆಯನ್ನು ಅವನು ಹೇಳುವುದು ಗಿರಾಕಿ ಒಳಗೆ ಕೂತು ಕಾರಿನ ಬಾಗಿಲು ಮುಚ್ಚಿದ ಮೇಲೆ, ಗಾಜಿನ ಆಚೆ ನಿಂತು, ಉಸಿರಿನಲ್ಲೇ: ಕಾರ್ಖಾನೆಯಲ್ಲಿ ದುಡಿಸಿಕೊಂಡ ಸೆರೆಯಾಳುಗಳು, ಅವರಲ್ಲಿ ಹೆತ್ತ ಹೆಂಗಸರ ಮಡಿಲಿಂದ ಕಿತ್ತು ಬೇರೆಡೆ ಸಾಯಲು ಬಿಟ್ಟ ಹಸುಗೂಸುಗಳು. ಒಳಗಿನವರು ಅಲ್ಲಾಡುವ ತುಟಿ ನೋಡಿ, ಏನೂ ಕೇಳಿಸುತ್ತಿಲ್ಲವಲ್ಲ ಎಂದು ಮೆಚ್ಚಿ ತಲೆದೂಗುತ್ತಾರೆ. ಹೇಳಿದ್ದೂ ಆಯಿತು, ಕೇಳಿದವರೂ ಇಲ್ಲ. ಮನಸ್ಸಾಕ್ಷಿಗೆ ನಿದ್ದೆ, ಸಂಬಳಕ್ಕೆ ಕ್ಷೇಮ. ಮೊನ್ನೆ ಕೂತಿದ್ದ ಮುದುಕಿಯೊಬ್ಬಳು ಮಾತ್ರ ತಲೆದೂಗಲಿಲ್ಲ. ತಾನೇ ಬಾಗಿಲು ತೆರೆದು, "ನಂಗೆ ಕಿವಿ ಕೇಳ್ಸಲ್ಲಪ್ಪ, ತುಟಿ ನೋಡೇ ಮಾತು ಹಿಡೀತೀನಿ. ಆ ಕೂಸುಗಳ ವಿಷ್ಯ ಇನ್ನೊಂದ್ಸಲ ಹೇಳು" ಎಂದು ಷೋರೂಮೆಲ್ಲ ಮೊಳಗುವಂತೆ ಕೇಳಿದಳು. ಮ್ಯಾನೇಜರ್ ಎದ್ದು ನಿಂತ. ಇವನು ಬಾಯಿ ಬಿಗಿಯಲು ನೋಡಿದ. ತುಟಿಗಳು ಅವನ ಮಾತು ಕೇಳದೆ ತಮ್ಮಷ್ಟಕ್ಕೆ ಅಲ್ಲಾಡತೊಡಗಿದವು. ದನಿ ಹೊರಡಲಿಲ್ಲ. ಮುದುಕಿಗೆ ದನಿ ಬೇಕೂ ಇರಲಿಲ್ಲ. ಆ ತುಟಿಗಳನ್ನೇ ನೋಡುತ್ತ, ಒಂದೊಂದು ಮಾತನ್ನೂ ಗಟ್ಟಿಯಾಗಿ ಎಲ್ಲರಿಗೂ ಹೇಳತೊಡಗಿದಳು.