ಮನಾಮಾದ ಶೋರೂಮಿನಲ್ಲಿ ನಿಂತೇ ಇದ್ದ ಕಾರುಗಳು

ನಾನು ಬಹರೈನಿನಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಎಂಬತ್ತರ ದಶಕದ ಆರಂಭದ ಒಂದು ಫೆಬ್ರವರಿ ಅದು. ಸುಡುವ ಸೆಕೆ ಎಂದುಕೊಂಡಿದ್ದವನಿಗೆ ಹೊರಗೆ ತಣ್ಣನೆಯ ಗಾಳಿ. ಅಕ್ಕನ ಗಂಡ ಸದಾನಂದ ಭಾವ ಕಾಯುತ್ತಿದ್ದರು. ಅವರು ಮನಾಮಾದಲ್ಲಿ ಅಮೆರಿಕನ್ ಕಾರು ಮಾರುವ ಶೋರೂಮೊಂದರ ಹಿರಿಯ ಮೆಕ್ಯಾನಿಕ್. ಉಡುಪಿಯ ಬಸ್ ಗ್ಯಾರೇಜಿನಲ್ಲಿದ್ದ ನನಗೆ ಅಲ್ಲೇ ಕೆಲಸ ಕೊಡಿಸುತ್ತೇನೆಂದು ವಿಸಿಟ್ ವೀಸಾ ಕಳಿಸಿದ್ದರು.

ಟ್ಯಾಕ್ಸಿ ಸಮುದ್ರದ ಮೇಲಿನ ರಸ್ತೆ ದಾಟಿ ಸೆಗಯಾ ಎಂಬ ಬಡಾವಣೆಯಲ್ಲಿದ್ದ ಅವರ ಕೋಣೆಯತ್ತ ತಿರುಗಿತು. ಭಾವ ಅಕ್ಕನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಕೆಲಸದ ಒಪ್ಪಂದದ ಪೇಪರಿಗೆ ಬೇಗ ಸೈನ್ ಹಾಕು ಮಾರಾಯ. ಎರಡು ವರ್ಷ ಎಂತ ದೊಡ್ಡದು?" ಎಂದು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. ಅಷ್ಟು ಅವಸರ ಯಾಕೆಂದು ನನಗೆ ಆಗಲೇ ಅನಿಸಿತು.

ಮರುದಿನ ಶೋರೂಮಿಗೆ ಹೋದೆವು. ಮುಂಬಯಿ ಕಡೆಯ ಮ್ಯಾನೇಜರ್ ಚಹಾ ತರಿಸಿದ, ಕಾಪಿ ತೆಗೆಸಬೇಕೆಂದು ನನ್ನ ಪಾಸ್‌ಪೋರ್ಟ್ ಇಸಿದುಕೊಂಡು ಮೇಜಿನ ಖಾನೆಯೊಳಗಿಟ್ಟ. ಗಾಜಿನ ಹಿಂದೆ ಆರು ಕಾರುಗಳು ಮಿರಮಿರ ಮಿಂಚುತ್ತಿದ್ದವು. ಎಲ್ಲವೂ ಎಂಟು ಸಿಲಿಂಡರಿನವು. ನಾಲ್ಕರ ಮೇಲೆ 'ಮಾರಾಟವಾಗಿದೆ' ಎಂಬ ಬೋರ್ಡು. "ಬಂದ ಗಾಡಿ ಇಲ್ಲಿ ನಿಲ್ಲುವುದೇ ಇಲ್ಲ" ಎಂದು ಅವನು ಹಿಂದಿಯಲ್ಲಿ ಹೇಳಿದ. ನಾನು ಬಗ್ಗಿ ನೋಡಿದೆ. ಬಹಳ ಕಾಲ ಒಂದೇ ಕಡೆ ನಿಂತ ಗಾಡಿಯ ಟಯರಿನಂತೆ ಅವುಗಳ ಟಯರುಗಳ ಅಡಿ ಚಪ್ಪಟೆಯಾಗಿತ್ತು. ಒಂದರ ಬಾನೆಟ್ ಎತ್ತಿಸಿದೆ. ಬಾನೆಟ್ಟಿನ ಮೇಲೆ ಗಾಳಿ ಎಳೆಯಲೆಂಬಂತೆ ದೊಡ್ಡ ಬಾಯಿ. ಒಳಗಡೆಯಿಂದ ಅದಕ್ಕೆ ತೂತೇ ಇರಲಿಲ್ಲ, ಬರೀ ತೋರಿಕೆ.

ಮೂರನೆಯ ದಿನ ಭಾವ ನನ್ನನ್ನು ಶೋರೂಮಿನ ಕೆಂಪು ಕಾರೊಂದರಲ್ಲಿ ಕೂರಿಸಿಕೊಂಡು ರಿಫಾ ಪಟ್ಟಣದ ಕಡೆ ಹೊರಟರು. ಮೊದಲ ಮೈಲಿಯುದ್ದಕ್ಕೂ ಚಕ್ರಗಳು ದಡದಡ ಅಂದವು. ನೇರ ರಸ್ತೆ ಸಿಕ್ಕಾಗ ಭಾವ ಪೆಡಲನ್ನು ಪೂರ್ತಿ ಒತ್ತಿದರು. ಸದ್ದು ಜೋರಾಯಿತು, ವೇಗ ಏರಲಿಲ್ಲ. ಹಿಂದಿನಿಂದ ಬಂದ ಸಣ್ಣ ಜಪಾನಿ ಕಾರೊಂದು ಹೆಂಗಸರು ಮಕ್ಕಳನ್ನು ತುಂಬಿಕೊಂಡು ನಮ್ಮನ್ನು ದಾಟಿ ಹೋಯಿತು.

"ಹೊಗೆ ಕಡಿಮೆ ಮಾಡ್ಲಿಕ್ಕೆ ಅಂತ ಅಮೆರಿಕದಲ್ಲೇ ಇಂಜಿನಿನ ಉಸಿರು ಕಟ್ಟಿದ್ದಾರೆ. ಹೆಸರು ಮಾತ್ರ ಹಳೇದು" ಎಂದರು ಭಾವ. ಇನ್ನು ಮುಂದೆ ಇಂಥ ಕಾರುಗಳು ಶೋರೂಮಿಗೆ ಬರುತ್ತವೋ ಇಲ್ಲವೋ ಎಂದು ಕೇಳಿದೆ. ಅವರು ಗಾಡಿಯನ್ನು ವಾಪಸು ತಿರುಗಿಸಿದರು.

ಆ ಕೆಂಪು ಕಾರು ಯೂಸುಫ್ ಎಂಬವರಿಗೆ ಮಾರಾಟವಾಗಿದೆಯೆಂದು ಮ್ಯಾನೇಜರ್ ಹೇಳಿದ್ದ. ನಾಲ್ಕನೆಯ ದಿನ ಆ ಯೂಸುಫ್ ತಮ್ಮ ಹಳೆಯ ಗಾಡಿಯ ಎಣ್ಣೆ ಬದಲಿಸಲು ವರ್ಕ್‌ಶಾಪಿಗೇ ಬಂದರು. ಹೊಸ ಕಾರು ಯಾವಾಗ ಒಯ್ಯುತ್ತೀರೆಂದು ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ. ಅವರು ಗಹಗಹಿಸಿ ನಕ್ಕರು.

"ಅದನ್ನಾ? ಒಂದು ಸಲ ಓಡಿಸಿ ನೋಡಿದೆ, ಅಷ್ಟೆ. ನಾನು ಜಪಾನಿದು ತೆಗೆದುಕೊಂಡು ಎರಡು ತಿಂಗಳಾಯಿತು."

ಮರುದಿನ ಶುಕ್ರವಾರ, ರಜೆ. ಕೋಣೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ನಾನು ತಟ್ಟೆ ಮುಟ್ಟಲಿಲ್ಲ.

"ಭಾವ, ಈ ಶೋರೂಮು ಮುಳುಗ್ತಾ ಉಂಟು ಅಂತ ನಿಮಗೆ ಗೊತ್ತುಂಟಲ್ಲ? ಮತ್ತೆ ನನ್ನನ್ನು ಯಾಕೆ ಕರೆಸಿದ್ರಿ?"

ಅವರು ಅನ್ನ ಕಲಸುತ್ತಲೇ ಹೇಳಿದರು: "ನನ್ನ ಜಾಗಕ್ಕೆ ಒಬ್ಬ ಸಿಕ್ಕಿದ್ರೆ ನನ್ನನ್ನು ಊರಿಗೆ ಬಿಡ್ತೇನೆ ಅಂತ ಮ್ಯಾನೇಜರ್ ಅಂದಿದ್ದಾನೆ. ನನ್ನ ಪಾಸ್‌ಪೋರ್ಟ್ ಅವನ ಹತ್ರವೇ ಉಂಟು. ನಿನ್ನ ಅಕ್ಕನ ಮುಖ ನೋಡದೆ ನಾಲ್ಕು ವರ್ಷ ಆಯ್ತು, ಜಯಾ."

ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಗಂಡ ನನ್ನನ್ನೇ ಅಲ್ಲಿ ಸಿಕ್ಕಿಸಿ ಹೋಗಲು ಹೊರಟಿದ್ದರು. ಸಂಜೆಯವರೆಗೆ ಸೂಕ್ ಎಂಬ ಹಳೆಯ ಪೇಟೆಯ ಗಲ್ಲಿಗಳಲ್ಲಿ ಒಬ್ಬನೇ ಅಲೆದೆ.

ಶನಿವಾರ ಬೆಳಿಗ್ಗೆ ಏಳುವಷ್ಟರಲ್ಲಿ ಭಾವ ಹೋಗಿಯಾಗಿತ್ತು. ಮಧ್ಯಾಹ್ನ ಬಂದು ನನ್ನ ಪಾಸ್‌ಪೋರ್ಟನ್ನು ಹಾಸಿಗೆಯ ಮೇಲಿಟ್ಟರು. ಹೇಗೆ ತಂದಿರೆಂದು ಕೇಳಿದೆ. "ನಾನೇ ಇನ್ನೊಂದು ವರ್ಷ ಇರ್ತೇನೆ ಅಂದೆ" ಎಂದರು. ವಿಮಾನ ನಿಲ್ದಾಣಕ್ಕೆ ಬಿಡಲು ಬಂದಾಗ ನನ್ನ ಮುಖ ನೋಡಲಿಲ್ಲ. ಅವರು ಹೇಳಿದ್ದನ್ನು ನಂಬಬೇಕೋ ಬಿಡಬೇಕೋ ನನಗೆ ಆಗಲೂ ತಿಳಿಯಲಿಲ್ಲ.

ಊರು ತಲುಪಿದ ದಿನ ಅಕ್ಕ ಬಾಗಿಲಲ್ಲೇ ಕೇಳಿದಳು: "ಕೆಲಸ ಸಿಗ್ಲಿಲ್ವಾ? ಅವರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ" ಎಂದೆ.

ಅವಳು ನನ್ನ ಕೈಯಿಂದ ಚೀಲ ತೆಗೆದುಕೊಳ್ಳಲಿಲ್ಲ. "ಕೂತ್ಕೋ" ಎಂದಳು. "ಈಗ ಸರಿಯಾಗಿ ಹೇಳು."