ಮುತ್ತಿಯ ಹೆಸರಿನ ಚೊಂಬು

ಸಿರಿ, ಚಿನ್ಮಯ, ಮೊನ್ನೆ ರಜಕ್ಕೆ ಬಂದಾಗ ಅಡುಗೆಮನೆಯಲ್ಲಿ ನೀರು ಕುಡಿಯುತ್ತಾ ಒಂದು ಮಾತು ಕೇಳಿದಿರಿ, ನೆನಪಿದೆಯೇ? ಚಿನ್ಮಯ ಸ್ಟೀಲು ಚೊಂಬನ್ನು ಬೆಳಕಿಗೆ ಹಿಡಿದು, ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೆತ್ತಿದ್ದ ಅಕ್ಷರ ಕೂಡಿಸಿ ಓದಿದ. "ಮುತ್ತಿ! ಅಜ್ಜಿ, ಯಾರಿದು ಮುತ್ತಿ? ಯಾರ್ದೋ ಮನೆ ಚೊಂಬು ಎತ್ಕೊಂಡು ಬಂದಿದೀಯಲ್ಲ ನೀನು!" ಸಿರಿ ನಕ್ಕಳು. ನಾನೂ ನಕ್ಕು ಸುಮ್ಮನಾದೆ. ಎದುರಿಗೆ ಕೂತು ನೆಟ್ಟಗೆ ನಾಲ್ಕು ಮಾತು ಹೇಳುವುದು ನನಗೆ ಬರುವುದಿಲ್ಲ. ಮೊಮ್ಮಕ್ಕಳ ಮುಂದೆಯೂ ಸಂಕೋಚ. ಅದಕ್ಕೇ ನೀವು ಹೊರಟ ಮೇಲೆ ಬರೆಯಲು ಕೂತಿದ್ದೇನೆ. ಹಳೇಕೋಟೆ ಶಾಲೆಯಲ್ಲಿ ಕಲಿತ ಅಕ್ಷರ, ಸೊಟ್ಟಗಿದ್ದರೂ ಓದಲು ಬರುತ್ತದೆ.

ಪಾತ್ರೆಗೆ ಹೆಸರು ಹಾಕಿಸುವುದು ನಮ್ಮ ಕಡೆಯವರಿಗೆ ಒಂದು ಹುಚ್ಚು. ನನ್ನ ಮದುವೆಗೆಂದು ಅಮ್ಮ ಹೊಳೆನರಸೀಪುರದಿಂದ ತಂದ ಪಾತ್ರೆಗಳ ಮೇಲೆಲ್ಲ ನನ್ನ ಹೆಸರು, ಪಕ್ಕದಲ್ಲಿ ಹಳೇಕೋಟೆ ಅಂತ ಊರಿನ ಹೆಸರು. ಸೌಟನ್ನೂ ಬಿಟ್ಟಿರಲಿಲ್ಲ. ಅರಕಲಗೂಡಿಗೆ ಸೊಸೆಯಾಗಿ ಬಂದು ಹೊಸಿಲಾಚೆ ಮಾತೇ ಆಡದ ನನ್ನ ಹೆಸರನ್ನು ಬೀದಿಯವರು ತಿಳಿದದ್ದು ಆ ಪಾತ್ರೆಗಳಿಂದ. ಪಾಯಸದ ಡಬ್ಬಿ ಯಾರ ಮನೆಗೆ ಹೋದರೂ ಹೆಸರು ನೋಡಿಕೊಂಡು ವಾಪಸು ಬರುತ್ತಿತ್ತು. ಗೃಹಪ್ರವೇಶಕ್ಕೆ ಬಂದ ಒಂದು ಹರಿವಾಣದ ಮೇಲಂತೂ ಕೊಟ್ಟವರು, ಅವರ ತಂದೆ, ಊರು, ಅಂಗಡಿ ಎಲ್ಲ ಇತ್ತು. "ಇದು ಊಟಕ್ಕಲ್ಲ ಕಣೇ, ಓದೋಕೆ" ಅನ್ನುತ್ತಿದ್ದರು ನಿಮ್ಮ ತಾತ.

ಮುತ್ತಿ ಆ ಕಡೆ, ಕೊಡಗಿನ ಗಡಿಯ ಕಾಡಂಚಿನಲ್ಲಿದ್ದ ಜೇನು ಕುರುಬರ ಹಾಡಿಯವಳು. ಹಾಡಿ ಅಂದರೆ ಅವರ ಹುಲ್ಲಿನ ಗುಡಿಸಲುಗಳ ಊರು. ಜೇನು, ಸೀಗೆಕಾಯಿ, ಪೊರಕೆ ಹೊತ್ತು ಬಸ್ಸಿಳಿದು ಬರುತ್ತಿದ್ದಳು. ಉಳಿದವರ ಜೊತೆ ಜಗುಲಿಯಲ್ಲೇ ವ್ಯಾಪಾರ ಮುಗಿಸಿ, ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಮಾತೆಲ್ಲ ಅವಳದೇ.

"ಏನಕ್ಕಾ ನೀನು, ಬಾಯಾಗೆ ಜೇನಿಟ್ಕಂಡಂಗೆ ಕುಂತಿರ್ತೀಯ! ತೆಗುದ್ರೆ ಸುರ್ದೋಯ್ತದಾ?"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅಷ್ಟು ಸಲೀಸಾಗಿ ಸುಮ್ಮನಿರಲು ನನಗೆ ಇನ್ಯಾರ ಜೊತೆಯೂ ಆಗಿಲ್ಲ.

ಒಮ್ಮೆ ಅವಳಿಗೆ ಹುರುಳಿ ಬಸ್ಸಾರನ್ನು ನನ್ನ ಹೆಸರಿನ ಡಬ್ಬಿಯಲ್ಲಿ ಹಾಕಿ ಕಳಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಡಬ್ಬಿಯ ಹೆಸರು ಓದಿದರಂತೆ. "ಯಾರ ಮನೇದ್ಲಾ ಇದು, ಎಲ್ಲಿ ಎತ್ತುದ್ಲು ಕೇಳ್ರೋ" ಅಂತ ಸುತ್ತ ಜನ. ಅವಳ ಮಾತನ್ನು ಒಬ್ಬರೂ ನಂಬಲಿಲ್ಲ. ಪಾಠ ಮುಗಿಸಿ ಶಾಲೆಯಿಂದ ಬರುತ್ತಿದ್ದ ನಿಮ್ಮ ತಾತ ಕಂಡು, ತಮ್ಮ ಮನೆಯದೇ ಎಂದು ಹೇಳಿ ಬಿಡಿಸಿದರು. ಮುಂದಿನ ಸಲ ಬಂದವಳು ಡಬ್ಬಿಯನ್ನು ತೊಳೆದು, ಹುಣಸೆಹಣ್ಣಿನಲ್ಲಿ ಉಜ್ಜಿ, ಕಲ್ಲಿನ ಮೇಲಿಟ್ಟಳು. "ನಿನ್ ಸಾರು ಬ್ಯಾಡ ಅನ್ನಾಕಿಲ್ಲ ಕಣಕ್ಕಾ. ಎಲೇಲಿ ಕೊಡು. ಡಬ್ಬಿ ಮ್ಯಾಗ್ಲ ನಿನ್ ಎಸ್ರು ಬ್ಯಾಡ." ಅಂದಿನಿಂದ ಸಾರಿಗೆ ಬದಲು ಒಣ ಪಲ್ಯ, ಮುತ್ತುಗದ ಎಲೆಯಲ್ಲಿ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬೇಸಿಗೆ, ಕಾಡಿಗೆ ಬಿದ್ದ ಬೆಂಕಿ ಗಾಳಿಗೆ ಹಾಡಿಯೊಳಗೆ ಇಳಿಯಿತು. ಜನ ಜೀವ ಉಳಿಸಿಕೊಂಡು ಓಡಿದರು. ಗುಡಿಸಲು ಒಂದೂ ಉಳಿಯಲಿಲ್ಲ. ಹತ್ತಿರದ ಶಾಲೆಯಲ್ಲಿ ಎಲ್ಲರನ್ನೂ ಇಟ್ಟಿದ್ದಾರೆ, ಸರ್ಕಾರದಿಂದ ಮನೆಗೆ ಹಣ ಬರುತ್ತದೆ ಎಂದು ನಿಮ್ಮ ತಾತ ಸುದ್ದಿ ತಂದರು. ನಮ್ಮ ಬೀದಿಯ ಹೆಂಗಸರ ಸಂಘದಲ್ಲೂ ಚಂದಾ ಎತ್ತಿದೆವು. ಅಕ್ಕಿ, ಬಟ್ಟೆ ಬೇರೆಯವರು ಕೊಟ್ಟಿದ್ದರಿಂದ ನಾವು ಪಾತ್ರೆ ಕೊಡುವುದೆಂದಾಯಿತು. ಅಲ್ಲಿಯವರೆಗೆ ಸರಿ.

"ಒಂದೊಂದು ಪಾತ್ರೆ ಮೇಲೂ ಕೊಟ್ಟೋರ ಹೆಸರು ಕೆತ್ತಿಸೋಣ, ಬಾಳಿಕೆ ಬರೋವರೆಗೂ ನೆನಪಿರುತ್ತೆ" ಎಂದರು ಅಧ್ಯಕ್ಷೆ ಸಾವಿತ್ರಮ್ಮ ಟೀಚರು. ಎಲ್ಲರೂ ಖುಷಿಯಾದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಹೆಸರಿಲ್ಲದ ಪಾತ್ರೆಯನ್ನು ನಾವ್ಯಾರೂ ಕಂಡವರೇ ಅಲ್ಲ. ನನಗೆ ಮಾತ್ರ ಬಸ್‌ಸ್ಟ್ಯಾಂಡು ಕಣ್ಣಿಗೆ ಕಟ್ಟಿತು. ಹಾಡಿಯ ಹೆಂಗಸರೆಲ್ಲ ನಮ್ಮ ಹೆಸರಿನ ಪಾತ್ರೆ ಹಿಡಿದು, ಸುತ್ತ ಜನ ನಿಂತಂತೆ. ಸಂಘ ಸೇರಿದಾಗಿನಿಂದ ಹಾಜರಿ ಕರೆದಾಗ ಬಿಟ್ಟು ಬಾಯಿ ಬಿಡದ ನಾನು ಎದ್ದು ನಿಂತೆ. 

"ನಮ್ ಎಸ್ರು ಬ್ಯಾಡ" ಅಂದೆ. "ಕದ್ದೋರು ಅಂತಾರೆ, ಅವರನ್ನ."

"ಅಯ್ಯೋ, ಇವರಿಗೆ ಮಾತೂ ಬರ್ತದಾ!" ಎಂದು ಹಿಂದೆ ಯಾರೋ ನಕ್ಕರು. ಪಕ್ಕದ ಮನೆಯ ಜಯಮ್ಮ ಬಿಡಲಿಲ್ಲ. "ಎಸ್ರು ಇಲ್ದೆ ಕೊಟ್ರೆ ನಾಳೀಕೇ ಮಾರ್ಕತಾರೆ, ನೋಡ್ತಿರು."

"ಮಾರ್ಕಳ್ಳಿ ಬುಡಿ, ಜಯಕ್ಕಾ. ಕೊಟ್ಮೇಲೆ ಅವರದಲ್ವಾ? ಎಸ್ರು ಆಕ್ಸಲೇಬೇಕು ಅಂದ್ರೆ ಅವರದೇ ಆಕ್ಸಿ."

ಇಷ್ಟು ಹೇಳಿ ಕೂತೆ.  ಸಾವಿತ್ರಮ್ಮ, "ಹೆಸರು ಹಾಕೋ ಸಾಬರನ್ನ ಶಾಲೆ ಹತ್ರಕ್ಕೇ ಕರ್ಕೊಂಡ್ ಹೋಗೋಣ" ಎಂದರು.

ಶಾಲೆಯ ಜಗುಲಿಯಲ್ಲಿ ಸಾಬರು ಮಿಷನ್ನಿಗೆ ಕರೆಂಟು ಕೊಟ್ಟು ಕೂತರು. ಅದರ ಗುಂಯ್ ಸದ್ದಿಗೆ ಹಾಡಿಯ ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದವು. ಸ್ಟೀಲು ಚೊಂಬು ಹಿಡಿದ ಮುತ್ತಿಯ ಸರದಿ ಬಂತು. ಊರಿನ ಹೆಸರೂ ಹಾಕಲೇ ಎಂದು ಸಾಬರು ಕೇಳಿದರು.

"ಊರೆಲ್ಲೈತೆ ಸಾ, ಸುಟ್ಟೋಯ್ತಲ್ಲ. ಬರೀ ಮುತ್ತಿ ಅಂತ ಆಕು."

ಕೆತ್ತಿದ ಜಾಗದ ಮೇಲೆ ಬೆರಳಾಡಿಸುತ್ತಾ ನಿಂತಿದ್ದಳು. ನನ್ನನ್ನು ನೋಡಿ, "ಚುಚ್ಚುತದೆ ಕಣಕ್ಕಾ" ಅಂದಳು, ನಗುತ್ತಾ.

ಮಳೆ ಶುರುವಾದಾಗ ಬಂದಳು. ಜೇನಿರಲಿಲ್ಲ, ಪೊರಕೆಯಿರಲಿಲ್ಲ, ಕೈಯಲ್ಲಿ ಆ ಚೊಂಬು. ಮತ್ತೆ ಬೆಂಕಿಯ ಭಯ ಬೇಡವೆಂದು ಕಾಡಿನಿಂದ ದೂರ, ಪಿರಿಯಾಪಟ್ಟಣದ ಆಚೆ ಎಲ್ಲೋ ಶೀಟಿನ ಮನೆ ಕಟ್ಟಿಸಿದ್ದಾರೆ, ಹೊರಟಿದ್ದೇವೆ ಎಂದಳು. ಹಿತ್ತಲಿನ ಆ ಕಲ್ಲಿನ ಮೇಲೆ ಕೂತು, ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಕೇಳಿದಳು: "ನಿನ್ ಚೊಂಬು ಕೊಡು. ಇದ ನೀನಿಟ್ಕೊ."

"ನನ್ ಎಸ್ರು ಬ್ಯಾಡ ಅಂದಿದ್ಯಲ್ಲೇ ನೀನು?"

"ಆಗ ನನ್ ಎಸ್ರಿಂದು ಒಂದೂ ಇರ್ನಿಲ್ಲ. ಈಗ ಯಾರಾದ್ರೂ ಕೇಳ್ಳಿ, ನಂದೂ ಅವರ ಮನೇಲೈತೆ, ನೋಡೋಗ್ರಿ ಅಂತೀನಿ."

ಅಮ್ಮ ಕೆತ್ತಿಸಿದ ಚೊಂಬನ್ನು ಕೊಟ್ಟೆ. ಮತ್ತೆ ಅವಳು ಬರಲಿಲ್ಲ. ಒಂದು ಸಲ ಅವಳಿದ್ದಲ್ಲಿಗೆ ಕರೆದುಕೊಂಡು ಹೋಗ್ತೀನಿ ಎನ್ನುತ್ತಿದ್ದ ನಿಮ್ಮ ತಾತನೂ ಈಗಿಲ್ಲ. ಬಟ್ಟೆ ಒಗೆಯಲು ಮಿಷನ್ನು ಬಂದಿದೆ. ಕಲ್ಲು ಮಾತ್ರ ಅಲ್ಲೇ ಇದೆ, ತೆಗೆಸಲು ಬಿಟ್ಟಿಲ್ಲ. ಸಂಜೆ ಹಿತ್ತಲ ಬಾಗಿಲಿನಲ್ಲಿ ನಿಂತಾಗ, ಎಲ್ಲೋ ಒಂದು ಶೀಟಿನ ಮನೆಯಲ್ಲಿ ನನ್ನ ಹೆಸರಿನಿಂದ ಯಾರೋ ನೀರು ಕುಡಿಯುತ್ತಿದ್ದಾರೆ ಅಂದುಕೊಳ್ಳುತ್ತೇನೆ. ಇಷ್ಟು ದಿನ ಅದು ನನ್ನೊಬ್ಬಳ ಗುಟ್ಟಿನಂತಿತ್ತು. ಮೊನ್ನೆ ಚಿನ್ಮಯ ಕೇಳಿದ್ದು ಬಸ್‌ಸ್ಟ್ಯಾಂಡಿನಲ್ಲಿ ಮುತ್ತಿಯನ್ನು ಕೇಳಿದ ಅದೇ ಮಾತಲ್ಲವೇ? ಈ ಸಲ ಉತ್ತರ ಕೊಡಬೇಕಾದವಳು ನಾನು. ಬೇಸರವಾಗಲಿಲ್ಲ ಮಗು, ಅವಳ ಪಕ್ಕ ಹೋಗಿ ನಿಂತಂತಾಯಿತು.

ಈ ಹಾಳೆಗಳನ್ನು ಸುರುಳಿ ಸುತ್ತಿ ಆ ಚೊಂಬಿನೊಳಗೇ ಇಟ್ಟಿರುತ್ತೇನೆ. ನನ್ನ ನಂತರ ಪಾತ್ರೆ ಹಂಚಿಕೊಳ್ಳುವಾಗ ಎರಡನ್ನೂ ಬೇರೆ ಮಾಡಬೇಡಿ, ನೀರು ತಾಗದಂತೆ ಜೋಪಾನ ಮಾಡಿ. ಯಾರ ಮನೆಯದು ಎಂದು ಯಾರಾದರೂ ಕೇಳಿದರೆ, ನಮ್ಮದೂ ಅವರ ಮನೆಯಲ್ಲಿದೆ ಎನ್ನಿ.