ಉಪ್ಪಿಲ್ಲದ ಎಡೆ

ಸತ್ತವರು ಬಂದು ಉಣ್ಣುತ್ತಾರೆ ಎಂಬ ಮಾತನ್ನು ನಾನು ನಂಬಿದವಳಲ್ಲ. ಎಂಟನೇ ವಯಸ್ಸಿನಲ್ಲಿ ಅಪ್ಪ ಹೋದಾಗ, ಎಡೆ ಇಟ್ಟ ಕೋಣೆಯ ಬಾಗಿಲ ಸಂದಿಯಲ್ಲಿ ಇಣುಕಿದ್ದೆ. ಇರುವೆಗಳ ಹೊರತು ಯಾರೂ ಬಂದಿರಲಿಲ್ಲ. ದಿನವಿಡೀ ಅತ್ತಿದ್ದೆ. ಮೂವತ್ತಕ್ಕೆ ಅಮ್ಮ ಹೋದಾಗ ಅಳಲು ಪುರುಸೊತ್ತಿರಲಿಲ್ಲ, ಮೀನಿನ ಬುಟ್ಟಿ ಹೊತ್ತು ತಿರುಗುತ್ತಲೇ ಸಂಕಟ ಕರಗಿತು. ನಲವತ್ತೈದಕ್ಕೆ ಗಂಡ ಹೋದಾಗ ಬಂದದ್ದು ಸಿಟ್ಟು ಮಾತ್ರ.

ಸಿಟ್ಟು ನನ್ನ ಮೈದುನ ಮಂಜನ ಮೇಲೆ. ಜ್ವರದಲ್ಲಿ ಮಲಗಿದ್ದ ಅಣ್ಣನನ್ನು, ಬೋಟಿಗೆ ಜನ ಕಡಿಮೆ ಎಂದು ಎಬ್ಬಿಸಿಕೊಂಡು ಹೋದವನು ಅವನೇ. ಬಲೆ ಎಳೆಯುವಾಗ ಕಣ್ಣು ಕತ್ತಲೆ ಬಂದು ಇವರು ಸಮುದ್ರಕ್ಕೆ ಬಿದ್ದರಂತೆ. ಗಂಗೊಳ್ಳಿ ಬಂದರಿಗೆ ಮಂಜ ತಿರುಗಿ ಬಂದ, ಇವರು ಬರಲಿಲ್ಲ. ಅವನ ಮನೆ ಹಾಳಾಗಲಿ ಎಂದು ದಿನಾ ಶಪಿಸಿದೆ. ಶಾಪಕ್ಕೆ ಎಲ್ಲಿ ಕಿವಿ? ಮಂಜ ಕಿರಿಮಂಜೇಶ್ವರದಲ್ಲಿ ಹೆಂಡತಿಯ ಊರಿನಲ್ಲೇ ಮನೆ ಮಾಡಿಕೊಂಡು ಚೆನ್ನಾಗಿಯೇ ಇದ್ದ.

ವರ್ಷ ತುಂಬಿದ ದಿನ ಎಡೆ ಇಡಬೇಕು. ಹಸಿದು ಎದ್ದ ಸತ್ತವರು ಯಾರ ಮನೆ ಹೊಕ್ಕರೆ ಆ ಮನೆಗೆ ನೆಮ್ಮದಿಯಿಲ್ಲ ಎನ್ನುತ್ತಾರೆ ನಮ್ಮ ಕಡೆ. ನಂಬಿಕೆ ಇಲ್ಲದಿದ್ದರೂ ಆ ಮಾತು ನನಗೆ ಬೇಕಾಗಿತ್ತು. ಎಡೆಗೆಂದೇ ಬೇರೆ ಪಾತ್ರೆಯಲ್ಲಿ ಬಂಗುಡೆ ಸಾರು ಮಾಡಿದೆ, ಬೇಕೆಂದೇ ಒಂದು ಕಲ್ಲು ಉಪ್ಪೂ ಹಾಕಲಿಲ್ಲ. ಬದುಕಿದ್ದಾಗ ಸಾರು ಸಪ್ಪೆಯಾದರೆ ಇವರು ಊಟ ಬಿಟ್ಟು ಏಳುತ್ತಿದ್ದರು. ಬಡಿಸಿ ಬಾಗಿಲು ಮುಚ್ಚುವ ಮೊದಲು ಪಿಸುಗುಟ್ಟಿದೆ: "ಹೊಟ್ಟಿ ತುಂಬದಿದ್ರೆ ನಿಮ್ ತಮ್ಮನ ಮನಿಗ್ ಹೋಯ್ನಿ."

ಸ್ವಲ್ಪ ಹೊತ್ತಿಗೆ, ಒಳಗೆ ಉಣ್ಣುವವರಿಗೆ ತಿಳಿಯಲೆಂದು ವಾಡಿಕೆಯಂತೆ ಕೆಮ್ಮಿ ಬಾಗಿಲು ತೆರೆದರೆ ಎಲೆ ಇಟ್ಟ ಹಾಗೇ ಇತ್ತು. ಯಾರೂ ರುಚಿ ನೋಡದಂತೆ ಎಲ್ಲವನ್ನೂ ತೆಂಗಿನ ಬುಡಕ್ಕೆ ಸುರಿದೆ.

ಸಂಜೆ ಮಂಜ ಬಂದ. ವರ್ಷದಿಂದ ನನ್ನ ಹೊಸ್ತಿಲು ತುಳಿಯದವನು. ಮುಖ ಬಿಳಿಚಿಕೊಂಡಿತ್ತು.

"ಅತ್ಗೀ, ಮಧ್ಯಾಹ್ನ ಅಣ್ಣಯ್ಯ ಬಂದಿದ್ದ. ಅಂಗ್ಳದಗೇ ನಿಂತಿದ್ದ."

"ಎಂತ ಹೇಳ್ತೆ ನೀನ್?"

"ಅವ್ಳ್ ಸಾರಿಗ್ ಉಪ್ಪ್ ಹಾಕುಕೆ ಮರ್ತಿದ್ಲ್, ಚೂರ್ ಉಪ್ಪ್ ಕೊಡ್ ಮಾರಾಯ ಅಂದ. ಕೈಯೊಡ್ದ. ನಾ ಕೊಟ್ಟೆ."

ಅಷ್ಟು ಹೇಳಿ ಮಕ್ಕಳ ಹಾಗೆ ಅತ್ತ. ನಾನು ಕುಳಿತುಕೊಳ್ಳೆಂದೂ ಹೇಳಲಿಲ್ಲ.

ಮಂಜ ನಾಟಕವಾಡಿದ ಎಂದುಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ. ಆದರೆ ಉಪ್ಪಿನ ಸಂಗತಿ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಇಂದಿಗೂ ನನಗೆ ಬಗೆಹರಿದಿಲ್ಲ. ನನಗೆ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಸೇಡು ತೀರಿಸಲೆಂದು ಕಳಿಸಿದರೆ, ಇವರು ಹೋಗಿ ಉಪ್ಪು ಬೇಡಿದರಂತೆ! ಅದೂ ನಾನು ಮರೆತೆ ಎಂದು ನನ್ನ ಪರ ವಹಿಸಿ.

ಮಂಜನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಈಗ ಪ್ರತಿ ವರ್ಷ ಎಡೆಯ ಸಾರಿಗೆ ಉಪ್ಪು ಹಾಕುತ್ತೇನೆ. ನನ್ನ ಗಂಡ ಮತ್ತೆ ಅವನ ಅಂಗಳದಲ್ಲಿ ಕೈಯೊಡ್ಡಿ ನಿಲ್ಲುವುದು ನನಗೆ ಬೇಡ.